ವಿಷಕ್ಕೆ ಔಷಧ ಅಂತ ಹೆಸರಿಟ್ಟವರು

ಹುಬ್ಬಳ್ಳಿ-ಧಾರವಾಡದ ಕಡೆ ಹುಳ ಕೊಲ್ಲುವುದಕ್ಕೆ ಎರಡು ಮಾತುಗಳಿವೆ: ‘ಎಣ್ಣಿ ಹೊಡಿಯೂದು’, ‘ಔಷಧ ಹೊಡಿಯೂದು’. ಎರಡರಲ್ಲೂ ವಿಷ ಎಂಬ ಶಬ್ದವಿಲ್ಲ. ಭಾಷೆಯ ವಿದ್ಯಾರ್ಥಿಯಾಗಿ ನನಗೆ ಈ ಜಾಣತನ ದಿಗಿಲು ಹುಟ್ಟಿಸುತ್ತದೆ. ಹೆಸರು ಬದಲಾದರೆ ಕೊಲೆ ಆರೈಕೆಯಾಗುತ್ತದೆ.

ಕಳೆದ ಫೆಬ್ರುವರಿಯಲ್ಲಿ ನಾನು ಬಾಡಿಗೆಗಿರುವ ಓಣಿಯ ಒಂದು ಹಿತ್ತಲಿಗೆ ತುಡುವೆ ಜೇನಿನ ಹಿಂಡು ಬಂದು ಪೇರಲ ಗಿಡದ ಕೊಂಬೆಗೆ ಜೋತುಬಿತ್ತು. “ಎರಡು ದಿನ ತಡೀರಿ ಕಾಕಾ, ತಾವಾಗೇ ಹೊಕ್ಕಾವು” ಅಂದೆ. “ಮೊಮ್ಮಕ್ಕಳು ಆಡೂ ಜಾಗಾ ಇದು. ಕಡದ್ರ ನೀ ಬರ್ತೀಯೇನು?” ಅಂದರು. ಸಂಜೆಯೊಳಗೆ ‘ಔಷಧ’ ಹೊಡೆಸಿದ್ದಾಯಿತು. ಬೆಳಿಗ್ಗೆ ಒಂದು ಮೊರ ತುಂಬ ಸತ್ತ ಹುಳ.

ಕಾಕಾನ ಭಯ ಸುಳ್ಳಲ್ಲ. ಆದರೆ ಹುಟ್ಟು ಕಟ್ಟದೆ ಬರಿದೇ ಜೋತುಬಿದ್ದ ಹಿಂಡು ದಾರಿಹೋಕ ಹಿಂಡು. ಕಾಯಬೇಕಾದ ಮರಿಯಾಗಲಿ ತುಪ್ಪವಾಗಲಿ ಅದಕ್ಕಿಲ್ಲ, ಆದ್ದರಿಂದ ಕೆಣಕದಿದ್ದರೆ ಕಡಿಯುವುದು ಕಡಿಮೆ. ಅದರ ಕೆಲವು ಹುಳಗಳು ಹೊಸ ಮನೆ ಹುಡುಕಿ ಬಂದು, ಕುಣಿತದಲ್ಲೇ ದಿಕ್ಕು, ದೂರ ಹೇಳುತ್ತವೆ. ಆ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಜಾಗ ಒಪ್ಪಿಗೆಯಾದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಇಲ್ಲವೇ ಕೆಲವು ದಿನಗಳಲ್ಲಿ ಹಿಂಡು ಎದ್ದು ಹೋಗುತ್ತದೆ. ನಾವು ಅಷ್ಟೂ ತಾಳಲಿಲ್ಲ.

ನಮ್ಮ ಅಸಹನೆಯ ಬುಡದಲ್ಲಿರುವುದು ಅಜ್ಞಾನ. ‘ಹುಳ’ ಎಂದೊಂದೇ ಮಾತಿನಲ್ಲಿ ಎಷ್ಟೋ ಜೀವಗಳನ್ನು ಮುಗಿಸಿಬಿಡುತ್ತೇವೆ. ಗೋಡೆಯ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆ ಮಾಡಿಕೊಂಡಿರುವ ಮುಜಂಟಿಗೆ ಚುಚ್ಚುವ ಮುಳ್ಳೇ ಇಲ್ಲ. ದಾಸವಾಳದ ಪೊದೆಯಲ್ಲಿ ಅಂಗೈಯಗಲದ ಒಂದೇ ಹುಟ್ಟು ಕಟ್ಟುವ ಕೋಲುಜೇನು ನೀರು ಹಾಕುವವರು ನಾಲ್ಕು ಹೆಜ್ಜೆ ಆಚೆ ನಡೆದರೆ ಸುಮ್ಮನಿರುತ್ತದೆ. ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸುವ ಒಂಟಿ ಜೇನು ಗಿಡ ತಿನ್ನುವುದಿಲ್ಲ, ಮರಿಗೆ ತೊಟ್ಟಿಲು ಮಾಡುತ್ತದೆ. ಪೊಟರೆ ಸೇರಿದ ತುಡುವೆಯನ್ನು ಬಲ್ಲವರು ಜೀವಂತವಾಗಿ ಪೆಟ್ಟಿಗೆಗೆ ಇಳಿಸುತ್ತಾರೆ. ಇವರನ್ನೆಲ್ಲ ಕೊಂದು, ‘ಹೀರೀಕಾಯಿ ಯಾಕೋ ಹಿಡಿಯವಲ್ದು’ ಎಂದು ಕೊರಗುವವರೂ ನಾವೇ.

ಹೆಜ್ಜೇನಿನ ಮಾತು ಬೇರೆ, ಒಪ್ಪುತ್ತೇನೆ. ಅದರ ಹಿಂಡು ಎದ್ದರೆ ಜೀವ ಹೋಗಬಹುದು. ಮಕ್ಕಳ ತಲೆಯ ಮೇಲೆ ಹೆಜ್ಜೇನು ತೂಗಲಿ ಎನ್ನುವಷ್ಟು ಹುಚ್ಚು ನನಗಿಲ್ಲ. ಆದರೆ ಹೊಗೆ ಹಾಕಿ, ಕಲ್ಲು ಹೊಡೆದು, ಪಂಜು ಹಿಡಿದು ಅದನ್ನು ಎಬ್ಬಿಸುವವರು ಯಾರು? ಎತ್ತರದಲ್ಲಿದ್ದರೆ ಬಿಡಿ. ಹೂವಿನ ಕಾಲ ಮುಗಿದ ಮೇಲೆ ಅದು ವಲಸೆ ಹೋಗುವ ಜಾತಿ. ತೀರಾ ಹತ್ತಿರವಿದ್ದರೆ ಅನುಭವಿಗಳನ್ನು ಕರೆಸಿ. ಕೃಷಿ ವಿಶ್ವವಿದ್ಯಾಲಯವೇ ಇರುವ ಊರು ನಮ್ಮದು, ವಿಚಾರಿಸುವುದಕ್ಕೇನು ಬರಗಾಲ?

ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಸಂವಿಧಾನದ 51ಎ ವಿಧಿ ಜೀವಿಗಳ ಬಗ್ಗೆ ಅನುಕಂಪವನ್ನು ನಾಗರಿಕರ ಕರ್ತವ್ಯವಾಗಿಸಿದೆ. ಕಾನೂನಿಗೆ ಕಾಣಿಸಿದ ಜೀವ ನಮ್ಮ ಕಣ್ಣಿಗೆ ಕಾಣಿಸುತ್ತಿಲ್ಲ.

ಸಾಹಿತ್ಯದವರಾದ ನಮಗಂತೂ ಇದರಲ್ಲಿ ವಿನಾಯಿತಿಯೇ ಇಲ್ಲ. ಕಾವ್ಯದ ದುಂಬಿಯ ಮೇಲೆ ವಿಚಾರ ಸಂಕಿರಣ ಮಾಡಿ, ಮನೆಗೆ ಬಂದು ಬಾಗಿಲ ಚೌಕಟ್ಟು ಕೊರೆಯುವ ದುಂಬಿಗೆ ಸ್ಪ್ರೇ ಹೊಡೆಯುವ ರಸಿಕತೆ ಯಾವ ಸೀಮೆಯದು? ಕನ್ನಡ ತುಪ್ಪಕ್ಕೂ ಹುಳಕ್ಕೂ ‘ಜೇನು’ ಎಂದು ಒಂದೇ ಹೆಸರಿಟ್ಟಿತು. ಸಿಹಿ ಬೇಕು, ಹುಳ ಬೇಡ ಎಂದು ಬೇರ್ಪಡಿಸಿದವರು ನಾವು.

ಮುಂದಿನ ಸಲ ಹಿತ್ತಲಿಗೆ ಜೇನು ಬಂದಾಗ ಯಾವ ಜೇನು ಎಂದು ಮೊದಲು ಕೇಳಿ. ಮಕ್ಕಳನ್ನು ಒಳಗೆ ಕರೆದು ಎರಡು ದಿನ ಕಾಯಿರಿ. ಆಮೇಲೂ ಡಬ್ಬಿಗೆ ಕೈ ಹಾಕುವುದೇ ಆದರೆ, ಅದನ್ನು ವಿಷ ಎಂದಾದರೂ ಕರೆಯಿರಿ.