ಬೋರನಕಣಿವೆಯ ಒಡೆಯರಾರು?

ಚಿಕ್ಕನಾಯಕನಹಳ್ಳಿ ಸೀಮೆಯ ಬೋರನಕಣಿವೆಯಲ್ಲಿ ಸುವರ್ಣಮುಖಿಯನ್ನು ತಡೆದು ನಿಲ್ಲಿಸಿದ ಕಟ್ಟೆಯು ಹತ್ತನೆಯ ಚಾಮರಾಜೇಂದ್ರ ಒಡೆಯರವರ ಆಳಿಕೆಯ (1881–94) ಕಾಲದ್ದು. ಕಟ್ಟಿಸಿದ ದೊರೆಯೂ ಕಟ್ಟಿದ ಕೈಗಳೂ ಎಂದೋ ಕಾಲವಶವಾದರು, ಕಟ್ಟೆಯೊಂದು ನಿಂತಿದೆ. ಮುದಿ ಎತ್ತಿನ ಹೆಗಲನ್ನು ತಡವಿ ನೋಡದೆ ನೊಗ ಹೂಡುವ ಒಕ್ಕಲಿಗನನ್ನು ನಾವು ಏನೆಂದು ಕರೆಯುತ್ತೇವೆ?

“ಮಳೆಯೇ ಅಪರೂಪವಾದ ಸೀಮೆಯಲ್ಲಿ ಕಟ್ಟೆಯೊಡೆಯುವ ಭಯವೇಕೆ?” ಎನ್ನುವವರುಂಟು. ಭಯಕ್ಕೆ ಅದೇ ಕಾರಣವು! ನೆರೆಯ ಮಾರಿಕಣಿವೆಯು 1933ರಲ್ಲಿ ಕೋಡಿ ಬಿದ್ದ ಮೇಲೆ 2022ರಲ್ಲಿ ತಿರುಗಿ ಕೋಡಿ ಬಿದ್ದಿತು. ನಡುವಣ 89 ವರ್ಷಗಳಲ್ಲಿ ಮೂರು ತಲೆಮಾರುಗಳು ಎಚ್ಚರವನ್ನೇ ಮರೆಯಬಹುದು. ಒಣಗಿದ ದಿನಗಳಲ್ಲಿಯೇ ಏರಿಯಲ್ಲಿ ಗಿಡಮರಗಳು ಬೇರಿಳಿಸುವುವು, ಇಲಿಗಳು ಬಿಲ ತೋಡುವುವು, ಕೋಡಿಯ ದಾರಿಯು ಮುಳ್ಳುಪೊದೆಗಳಿಂದ ಮುಚ್ಚುವುದು. ನೀರು ತುಂಬಿದಂದು ತೂಬಿನ ಪಕ್ಕದ ಸಣ್ಣ ಒಸರೇ ಮಣ್ಣನ್ನು ಕೊರೆದು ಹೆದ್ದಾರಿ ಮಾಡಿಕೊಳ್ಳುವುದು.

ಸರಕಾರದ ಸೊತ್ತು ಯಾರ ಸೊತ್ತೂ ಅಲ್ಲವಾದುದರಿಂದ ಖಾಸಗಿಯವರಿಗೆ ಒಪ್ಪಿಸಿದರೆ ಎಲ್ಲವೂ ನೆಟ್ಟಗಾದೀತೆಂಬ ವಾದವೊಂದಿದೆ. ಅಮೆರಿಕೆಯ ಮಿಷಿಗನ್ ಸೀಮೆಯ ಈಡನ್‌ವಿಲ್ ಅಣೆಕಟ್ಟು ಖಾಸಗಿ ಕಂಪೆನಿಯದೇ ಆಗಿತ್ತು. ಕೋಡಿಯನ್ನು ಹಿಗ್ಗಿಸೆಂದು ವರ್ಷಗಟ್ಟಲೆ ಹೇಳಿಯೂ ಕೇಳದ ಕಂಪೆನಿಯ ವಿದ್ಯುತ್ ಪರವಾನಗಿಯನ್ನು 2018ರಲ್ಲಿ ಕಿತ್ತುಕೊಳ್ಳಲಾಯಿತು; 2020ರ ಮೇ 19ರಂದು ಕಟ್ಟೆಯು ಒಡೆದು, ಸುಮಾರು ಹತ್ತು ಸಾವಿರ ಜನರು ಮನೆಮಾರು ಬಿಡಬೇಕಾಯಿತು. ಇತ್ತ ಸರಕಾರಿ ಮಂಡಳಿಯ ಕೈಯಲ್ಲಿರುವ ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋಯಿತು. ಒಡೆಯನ ಹೆಸರು ಕಟ್ಟೆಯನ್ನು ಕಾಯಲಾರದು. ಲೆಕ್ಕ ಕೇಳುವ ಜನರು ಕಾಯಬಲ್ಲರು.

ಕೇಳಲು ಶಾಸನವೂ ಉಂಟು. 2021ರ ಅಣೆಕಟ್ಟು ಸುರಕ್ಷತಾ ಶಾಸನವು ಹದಿನೈದು ಮೀಟರಿಗಿಂತ ಎತ್ತರವಾದ ಕಟ್ಟೆಗಳ ಒಡೆಯರಿಗೆ, ಸರಕಾರವಾಗಲಿ ಕಂಪೆನಿಯಾಗಲಿ, ಒಂದೇ ಹೊಣೆಯನ್ನು ವಿಧಿಸಿದೆ: ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಹಾಗೂ ಆಮೇಲೆ ತನಿಖೆ, ಅಪಾಯಕಾಲದ ಯೋಜನೆ, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ. ಹಳೆಯ ಕಟ್ಟೆಗಳಿಗೆ ಕೊನೆಯ ಎರಡನ್ನು ಮಾಡಿಮುಗಿಸಲು ಕೊಟ್ಟ ಗಡುವು 2026ರ ಡಿಸೆಂಬರು.

ತನಿಖೆಯ ವರದಿಯು ಇಂಗ್ಲಿಷಿನಲ್ಲಿ ಹುಟ್ಟಿ ಕಚೇರಿಯ ಕಡತದಲ್ಲಿಯೇ ಸತ್ತರೆ ಹೊಳೆಯ ಕೆಳದಂಡೆಯ ರೈತನಿಗೆ ಅದರಿಂದೇನು ಫಲ? ಅವನ ತೆಂಗಿನ ಸಸಿಯು ಫಲ ಕಾಣಲು ಆರೇಳು ವರ್ಷ ಬೇಕು. ಪ್ರವಾಹಕ್ಕೆ ಒಂದು ರಾತ್ರಿ ಸಾಕು. ವರದಿಯು ತಿಳಿಗನ್ನಡದಲ್ಲಿ ಅಚ್ಚಾಗಿ ಕೆಳದಂಡೆಯ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು. ಅಪಾಯದಲ್ಲಿ ಯಾವ ದಿಬ್ಬಕ್ಕೆ ಓಡಬೇಕೆಂಬುದನ್ನು ಶಾಲೆಯ ಮಕ್ಕಳೂ ಬಲ್ಲವರಾಗಿರಬೇಕು.

ಉಪಾಧ್ಯಾಯರೇ, ಪಟ್ಟಣದ ಮಹನೀಯರೇ, ಓದುಬರಹ ಬಲ್ಲವರು ನೀವು. ಇಂದೇ ಅರ್ಜಿ ಬರೆಯಿರಿ. ವರದಿಯನ್ನು ಕೇಳಿ ಪಡೆಯಿರಿ. ಊರವರಿಗೆ ಓದಿ ಹೇಳಿರಿ. ಲೆಕ್ಕ ಕೇಳುವವರೇ ಬೋರನಕಣಿವೆಯ ನಿಜವಾದ ಒಡೆಯರು.