ಮೊತ್ತ ನೋಡಿ ವಲಯ ಅಳೆಯಬೇಡಿ

ರಣಜಿ ಟ್ರೋಫಿಯನ್ನು ಮುಂಬೈ 42 ಬಾರಿ, ಕರ್ನಾಟಕ 8 ಬಾರಿ ಗೆದ್ದಿರುವುದರಿಂದ ದಕ್ಷಿಣ ವಲಯ ಪಶ್ಚಿಮಕ್ಕೆ ಸಾಟಿಯಲ್ಲ ಎಂಬುದು ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರ ವಾದ. ಲೆಕ್ಕ ಸರಿ, ತೀರ್ಮಾನ ತಪ್ಪು.

42 ಒಂದು ತಂಡದ ಗಳಿಕೆ, ವಲಯದ್ದಲ್ಲ. ಅದೇ ವಲಯದ ಮಹಾರಾಷ್ಟ್ರ 1940-41ರ ನಂತರ ರಣಜಿ ಗೆದ್ದೇ ಇಲ್ಲ. ಮೇಲಾಗಿ 42ರಲ್ಲಿ 15 ಪ್ರಶಸ್ತಿಗಳು 1958-59ರಿಂದ 1972-73ರವರೆಗಿನ ಒಂದೇ ಸತತ ಓಟದವು. ಆ ಓಟ ಮುರಿದವರು ಯಾರು? 1973-74ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಪ್ರಸನ್ನ ನಾಯಕತ್ವದ ಕರ್ನಾಟಕ! 2015ರ ಸೆಮಿಫೈನಲ್‌ನಲ್ಲಂತೂ ವಿನಯ್ ಕುಮಾರ್ 20 ರನ್ನಿಗೆ 6 ವಿಕೆಟ್ ಕಿತ್ತು ಮುಂಬೈಯನ್ನು 44ಕ್ಕೆ ಮುಗಿಸಿದರು. ವಿಜಯ್ ಹಜಾರೆ ಟ್ರೋಫಿ ಕರ್ನಾಟಕಕ್ಕೆ 5, ಮುಂಬೈಗೆ 4. ಇದು ಲೇಖನದಲ್ಲಿ ಏಕಿಲ್ಲ?

ಶಿರಾಳಕೊಪ್ಪದ ಮೈದಾನದಲ್ಲಿ ಆಡುವ ಹುಡುಗರಿಗೆ ಅರ್ಧ ಲೆಕ್ಕ ತೋರಿಸಿ ‘ನೀವು ಎರಡನೇ ದರ್ಜೆ’ ಎನ್ನಬೇಡಿ.