ಏನು ಓದುತ್ತಿದ್ದೀರಿ, ಊರಿಗೆ ಹೇಳಿ

2024ರ ಡಿಸೆಂಬರ್ 20ರಿಂದ ಮೂರು ದಿನ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ, 2024ರಲ್ಲಿ ಗೊ.ರು. ಚನ್ನಬಸಪ್ಪ ಇವರ ಅಧ್ಯಕ್ಷತೆಯಲ್ಲಿ ಮೂರು ಸಲ ಕನ್ನಡದ ಜಾತ್ರೆ ಕಂಡ ಊರು ಇದು. ಸಮ್ಮೇಳನಕ್ಕೆ ಮುನ್ನ ಜಿಲ್ಲೆಯ ಬಾಯಲ್ಲೆಲ್ಲ ಇದ್ದದ್ದು ಅಲ್ಲಿ ಬಾಡೂಟ ಬಡಿಸಬೇಕೇ ಬೇಡವೇ ಎಂಬ ಮಾತು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಯಾರ ಮನೆಯ ಊಟ ಸಾರ್ವಜನಿಕ ಪಂಕ್ತಿಗೆ ಸಲ್ಲುತ್ತದೆ, ಯಾರದ್ದು ಸಲ್ಲುವುದಿಲ್ಲ ಎಂಬುದು ಗಂಭೀರ ಪ್ರಶ್ನೆಯೇ. ಮಂಡ್ಯದ ಜನ ತಮಗೆ ಮುಖ್ಯ ಅನ್ನಿಸಿದ್ದನ್ನು ಅರಳಿಕಟ್ಟೆಯಿಂದ ಹಾಲಿನ ಡೈರಿಯವರೆಗೆ ಎಲ್ಲ ಕಡೆ ಎತ್ತಿ ಆಡುತ್ತಾರೆ ಎಂಬುದಕ್ಕೂ ಅದೇ ಸಾಕ್ಷಿ. ಆದರೆ ಆ ಮೂರು ದಿನ ಪುಸ್ತಕ ಮಳಿಗೆಗಳಿಂದ ಕೈಚೀಲ ತುಂಬಿಕೊಂಡು ಹೋದವರು ಏನನ್ನು ಕೊಂಡರು, ಅದರಲ್ಲಿ ಯಾವುದನ್ನು ಓದಿದರು, ಯಾವುದು ಹಿಡಿಸಿತು ಎಂಬ ಮಾತು ಮಾತ್ರ ಪಕ್ಕದ ಮನೆಗೂ ದಾಟಲಿಲ್ಲ. ನಾವು ಸಾಹಿತಿಗಳ ಬಗ್ಗೆ ಧಾರಾಳವಾಗಿ ಮಾತಾಡುತ್ತೇವೆ, ಸನ್ಮಾನ ಮಾಡುತ್ತೇವೆ, ವೃತ್ತಕ್ಕೆ ಹೆಸರಿಡುತ್ತೇವೆ. ಸದ್ಯ ಯಾವ ಪುಸ್ತಕ ಓದುತ್ತಿದ್ದೇವೆ ಎಂದು ಹೇಳುವುದನ್ನು ಮಾತ್ರ ಬಿಟ್ಟಿದ್ದೇವೆ. ಈ ಸಣ್ಣ ಮಾತು ನಿಂತುಹೋದದ್ದೇ ಓದು ಸೊರಗಲು ಒಂದು ದೊಡ್ಡ ಕಾರಣ ಎಂಬುದು ನನ್ನ ವಾದ.

ಒಬ್ಬ ಓದುಗ ಹುಟ್ಟುವುದು ಬಹುಪಾಲು ಪರಿಚಯದವರೊಬ್ಬರ ಶಿಫಾರಸಿನಿಂದ. ಇದಕ್ಕೆ ಮಂಡ್ಯದ ಮಣ್ಣಿನಲ್ಲೇ ಪುರಾವೆ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂತು. ಕ್ಯಾಸೆಟ್ಟು, ಸಿನಿಮಾಗಳು ಬರುವುದಕ್ಕೆ ಬಹಳ ಮುಂಚೆಯೇ ಅದು ಮನೆಮನೆ ತಲುಪಿತ್ತು. ಮದುವೆಯ ಉಡುಗೊರೆಯಾಗಿ ಕೈಯಿಂದ ಕೈಗೆ ಹೋಗಿತ್ತು. ಉಡುಗೊರೆ ಕೊಟ್ಟವರು ‘ನಾನು ಇದನ್ನು ಓದಿದೆ, ನೀವೂ ಓದಿ’ ಎಂದಂತೆ ತಾನೆ? ಮಂಡ್ಯದಲ್ಲೇ 1928ರಲ್ಲಿ ಹುಟ್ಟಿದ ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ‘ಶರಪಂಜರ’, ‘ಬೆಳ್ಳಿಮೋಡ’ಗಳ ಆ ಲೇಖಕಿ ಇಂದಿಗೂ ಉಳಿದಿರುವುದು ವಿಮರ್ಶಕರ ಕೃಪೆಯಿಂದಲ್ಲ. ಹೆಣ್ಣುಮಕ್ಕಳು ಒಬ್ಬರಿಂದೊಬ್ಬರು ಕಡ ಪಡೆದು, ಬೈಂಡು ಕಿತ್ತುಹೋಗುವವರೆಗೆ ಓದಿ, ‘ಇದು ಮುಗೀತು, ಮುಂದಿನದು ಕೊಡಿ’ ಎಂದು ಕೇಳಿ ಉಳಿಸಿಕೊಂಡ ಲೇಖಕಿ ಅವರು.

ಮಳವಳ್ಳಿ ಕಡೆಗೆ ಹೋದರೆ ಈ ಮಾತು ಇನ್ನೂ ಹಿಂದಕ್ಕೆ ಒಯ್ಯುತ್ತದೆ. ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮಠವಿರುವ ಊರು. ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು, ಕಂಸಾಳೆಯವರು ಮಾದಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಸೀಮೆ ಇದು. ಕೇಳುವವರಿಗೆ ತಮಗೆ ಬೇಕಾದ ಸಾಲು ಯಾವುದೆಂದು ಗೊತ್ತು. ಮಾದಪ್ಪನ ಕಾವ್ಯದ ಸಂಕಮ್ಮನ ಸಾಲು ಹಾಡಿ ಎಂದು ಬಾಯಿಬಿಟ್ಟು ಕೇಳುತ್ತಾರೆ. ಯಾಕೆ ಅದೇ ಬೇಕು ಎಂದರೆ ಕಾರಣವನ್ನೂ ಹೇಳುತ್ತಾರೆ. ಹಳೆಯ ಮೈಸೂರಿನ ಊರುಗಳಲ್ಲಿ ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಜಗಲಿಯ ಮೇಲೆ ಒಬ್ಬರು ಓದಿದರೆ ಹತ್ತಾರು ಜನ ಕೇಳುತ್ತಿದ್ದರು, ನಡುವೆ ತಡೆದು ಅರ್ಥ ಕೇಳುತ್ತಿದ್ದರು. ಅಕ್ಷರ ಬಾರದವರಿಗೂ ತಮ್ಮ ಮೆಚ್ಚಿನ ಸಂಧಿ ಇರುತ್ತಿತ್ತು. ಈಗ ಅಕ್ಷರ ಬಂದಿದೆ. ಜಿಲ್ಲೆಯ ಸಾಕ್ಷರತೆ 2001ರ ಜನಗಣತಿಯಲ್ಲಿ ಶೇ 61ರ ಆಸುಪಾಸಿನಲ್ಲಿದ್ದದ್ದು 2011ಕ್ಕೆ ಶೇ 70 ದಾಟಿತು. ಓದಬಲ್ಲವರು ಹೆಚ್ಚಿದರು. ಓದು ಮಾತ್ರ ಜಗಲಿಯಿಂದ ಎದ್ದು ಒಳಕೋಣೆಗೆ ಹೋಯಿತು, ಅಲ್ಲಿಂದ ಪರೀಕ್ಷೆಯ ಗೈಡಿನೊಳಕ್ಕೆ ಹೋಯಿತು. ಮೆಚ್ಚಿದ್ದನ್ನು ಸಾರಿ ಹೇಳುವ ರೂಢಿ ಅಲ್ಲಿಗೆ ನಿಂತಿತು.

ಪುಸ್ತಕವೇ ಸಿಗದಿದ್ದರೆ ಏನನ್ನು ಹೇಳುವುದು ಎಂದು ಕೇಳಬಹುದು. ಒಳ್ಳೆಯ ಪುಸ್ತಕದಂಗಡಿ ತಾಲ್ಲೂಕು ಕೇಂದ್ರಗಳಲ್ಲಿ ಅಪರೂಪ, ನಿಜ. ಆದರೆ ಪುಸ್ತಕ ಇರುವ ಕಡೆಯೂ ಓದುಗ ತಾನಾಗಿ ಹುಟ್ಟಿಕೊಳ್ಳುತ್ತಿಲ್ಲ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮುಂದೆ ‘ಅರಿವು ಕೇಂದ್ರ’ಗಳಾದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ. ಕಾನ್‌ಸ್ಟೆಬಲ್, ಪಿಡಿಒ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕೂರಲು ಜಾಗ ಸಿಕ್ಕಿದೆ. ಇದು ದೊಡ್ಡ ಉಪಕಾರ. ಆದರೆ ಕಥೆ, ಕಾದಂಬರಿ, ಜೀವನಚರಿತ್ರೆಗಳ ಕಪಾಟು ಯಾರಾದರೂ ಕೈತೋರಿಸಿದರೆ ಮಾತ್ರ ತೆರೆಯುತ್ತದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಪುಸ್ತಕ ಮನೆಯನ್ನೇ ನೋಡಿ. ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ತಮ್ಮ ಜೀವಮಾನದ ದುಡಿಮೆಯನ್ನೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಎಲ್ಲರಿಗೂ ಬಾಗಿಲು ತೆರೆದಿಟ್ಟಿದ್ದಾರೆ. ಒಬ್ಬ ವ್ಯಕ್ತಿ ಇದಕ್ಕಿಂತ ಹೆಚ್ಚು ಮಾಡಲಾರ. ಅಷ್ಟು ಪುಸ್ತಕಗಳ ಮುಂದೆ ಮೊದಲ ಸಲ ನಿಂತ ಹದಿನಾರರ ಹುಡುಗಿಗೆ ಬೇಕಾದದ್ದು ಇನ್ನೊಂದು ಲಕ್ಷ ಪುಸ್ತಕವಲ್ಲ. ‘ಮೊದಲು ಇದನ್ನು ಓದು, ಯಾಕೆಂದರೆ…’ ಎನ್ನುವ ಒಂದು ದನಿ ಬೇಕು. ಆ ದನಿಯನ್ನು ಕೊಡುವುದು ಅಂಕೇಗೌಡರ ಕೆಲಸವಲ್ಲ, ನಮ್ಮ ನಿಮ್ಮ ಕೆಲಸ.

ನಾವು ಹೇಳದಿದ್ದರೆ ಬೇರೆ ಯಾರೋ ಹೇಳುವವರೆಗೆ ಕಾಯಬೇಕಾಗುತ್ತದೆ. ಪಕ್ಕದ ಹಾಸನದ ಬಾನು ಮುಷ್ತಾಕ್ ದಶಕಗಳಿಂದ ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿದ ಮೇಲೆ ನಮ್ಮಲ್ಲಿ ಅನೇಕರು ಅವರ ಪುಸ್ತಕ ಹುಡುಕಲು ಹೊರಟರು. ಪ್ರಶಸ್ತಿ ಬಂದದ್ದು ಸಂತೋಷವೇ. ಆದರೆ ಹಾಸನದ ಕಥೆ ಮಂಡ್ಯಕ್ಕೆ ಬರಲು ಲಂಡನ್ ಸುತ್ತಿ ಬರಬೇಕಾಯಿತು ಎಂಬುದು ನಾವು ಯೋಚಿಸಬೇಕಾದ ಸಂಗತಿ. ನಮ್ಮದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೈದ್ಯರಾಗಿದ್ದುಕೊಂಡು ಈ ಸೀಮೆಯ ಬಡವರ ಬದುಕನ್ನು, ಇಲ್ಲಿನ ಆಡುಮಾತನ್ನು ಕಥೆಗಳಲ್ಲಿ ಹಿಡಿದಿಟ್ಟವರು. ಅವರ ಹೆಸರು ಮದ್ದೂರಿನಲ್ಲಿ ಎಲ್ಲರಿಗೂ ಗೊತ್ತು. ಅವರ ಒಂದು ಕಥೆಯನ್ನು ಓದಿ ಇನ್ನೊಬ್ಬರಿಗೆ ದಾಟಿಸಿದವರು ಎಷ್ಟು ಜನ?

ಓದಿದ್ದನ್ನು ಊರಿಗೆ ಹೇಳಬೇಕೆಂಬ ಮಾತಿಗೆ ಆಕ್ಷೇಪಗಳಿವೆ. ಓದು ಖಾಸಗಿ, ಡಂಗುರ ಹೊಡೆಯುವುದು ಯಾಕೆ ಎನ್ನುವವರಿದ್ದಾರೆ. ಓದುವ ಗಳಿಗೆ ಖಾಸಗಿ, ಒಪ್ಪೋಣ. ಓದಿ ಮುಗಿಸಿದ ಮೇಲಿನ ಸಂತೋಷವನ್ನೂ ಬಚ್ಚಿಡಬೇಕೆಂದೇನಿಲ್ಲ. ಇದು ಹೆಚ್ಚುಗಾರಿಕೆಯಾಗುತ್ತದೆ ಎಂಬ ಅಳುಕು ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ದಪ್ಪ ಪುಸ್ತಕದ ಹೆಸರು ಹೇಳಿ ಸುಮ್ಮನಾದರೆ ಅದು ಹೆಚ್ಚುಗಾರಿಕೆಯೇ. ಯಾವ ಪುಟ ಹಿಡಿಸಿತು, ಎಲ್ಲಿ ಬೇಸರ ಬಂತು, ಯಾರಿಗೆ ಹಿಡಿಸಬಹುದು ಎಂದು ಸೇರಿಸಿ ಹೇಳಿದರೆ ಕೇಳಿದವರಿಗೆ ಉಪಯೋಗವಾಗುತ್ತದೆ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಇಂದು ಓದುವ ಪುಸ್ತಕದ ಹೆಸರು ಹೇಳಿದರೆ ಮನುಷ್ಯನಿಗೆ ಹಣೆಪಟ್ಟಿ ಬೀಳುತ್ತದೆ. ಎಸ್.ಎಲ್. ಭೈರಪ್ಪನವರ ‘ಆವರಣ’ ಕೈಯಲ್ಲಿದ್ದರೆ ಒಂದು ಪಟ್ಟಿ, ದೇವನೂರ ಮಹಾದೇವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಕೈಯಲ್ಲಿದ್ದರೆ ಇನ್ನೊಂದು. ಈ ಭಯ ಸುಳ್ಳಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ ಮತ್ತು ಸಣ್ಣ ಊರಿನ ಶಿಕ್ಷಕರಿಗೆ. ಹಾಗಾಗಿ ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸಬಾರದು; ಓದಿದವರ ಹೆಸರಿಲ್ಲದೆ ಪುಸ್ತಕದ ಹೆಸರಷ್ಟೇ ಬರೆದರೂ ನಡೆಯುತ್ತದೆ. ಆದರೂ ಒಂದನ್ನು ಗಮನಿಸಿ. 2007ರ ‘ಆವರಣ’ವೂ 2022ರಲ್ಲಿ ಹಲವು ಪ್ರಕಾಶಕರು ಒಟ್ಟಿಗೇ ಅಚ್ಚು ಹಾಕಿದ ದೇವನೂರರ ಆ ಚಿಕ್ಕ ಪುಸ್ತಕವೂ ಮತ್ತೆ ಮತ್ತೆ ಮುದ್ರಣ ಕಂಡದ್ದು ಜನ ಅವುಗಳ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದರಿಂದ. ಕೊರತೆ ಇರುವುದು ಎರಡನ್ನೂ ಓದಿ, ಎರಡರ ಬಗ್ಗೆಯೂ ಓದುಗನಾಗಿ ಮಾತಾಡುವವರದ್ದು. ಅಂಥವರು ಊರಿಗೆ ಹತ್ತು ಜನ ಎದ್ದರೆ ಹಣೆಪಟ್ಟಿ ಹಚ್ಚುವವರ ಕೈ ತಡೆಯುತ್ತದೆ.

ಗದ್ದೆ ಕೆಲಸ, ಕಬ್ಬು ಕಟಾವು, ಹಸು ಕರುಗಳ ನಡುವೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆಯೂ ಬರುತ್ತದೆ. ಮಂಟೇಸ್ವಾಮಿಯ ಕಾವ್ಯವನ್ನು ಇಷ್ಟು ಕಾಲ ಕಾಪಾಡಿದವರು ಇದೇ ದುಡಿಯುವ ಜನ. ಪುರುಸೊತ್ತಿನ ನೆಪವನ್ನು ಅವರು ಹೇಳಿದ್ದು ಕಡಿಮೆ, ಅವರ ಪರವಾಗಿ ಓದಿದವರು ಹೇಳಿದ್ದೇ ಹೆಚ್ಚು. ಮದ್ದೂರು, ಮಂಡ್ಯಗಳಿಂದ ದಿನವೂ ಬೆಂಗಳೂರಿಗೋ ಮೈಸೂರಿಗೋ ರೈಲಿನಲ್ಲಿ ಓಡಾಡುವ ನೌಕರರಿಗಂತೂ ಹೋಗುತ್ತಾ ಬರುತ್ತಾ ಓದಲು ಹೊತ್ತಿದೆ, ಮಾತಾಡಲು ಎದುರು ಸೀಟಿನಲ್ಲಿ ಪರಿಚಯದವರಿದ್ದಾರೆ.

ಓದಿದ್ದನ್ನು ಊರಿಗೆ ಹೇಳಲು ಅನುದಾನ ಬೇಡ, ಸಮಿತಿ ಬೇಡ. ಪ್ರತಿ ಅರಿವು ಕೇಂದ್ರದ ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿ, ಈ ವಾರ ಊರಿನಲ್ಲಿ ಯಾರು ಏನು ಓದುತ್ತಿದ್ದಾರೆ, ಯಾಕೆ ಹಿಡಿಸಿತು ಎಂದು ಎರಡು ಸಾಲು ಬರೆಯಲು ಗ್ರಂಥಾಲಯ ಮೇಲ್ವಿಚಾರಕರಿಗೆ ಐದು ನಿಮಿಷ ಸಾಕು. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮೇಷ್ಟ್ರು ತಾವು ಓದುತ್ತಿರುವ ಪುಸ್ತಕದ ಹೆಸರು ಹೇಳಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬರು ಒಂದು ಕಥೆಯ ಸಾರ ಹೇಳಲಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪಂಚಾಯಿತಿಗಳು ಬರುವ ರಾಜ್ಯೋತ್ಸವದ ದಿನವೇ ಈ ಹಲಗೆಗಳನ್ನು ತೂಗುಹಾಕಲಿ. ಮೊದಲ ಸಾಲನ್ನು ಪಂಚಾಯಿತಿಯ ಅಧ್ಯಕ್ಷರೇ ತಮ್ಮ ಕೈಯಾರೆ ಬರೆಯಲಿ.